ಕಂಬಳಿಗೆ ಮೈಲಿಗೆಯಿಲ್ಲ

ಸತ್ತ ನಾಯಿಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದಿದ್ದ ಹಿರಿಯ ಕುರಿಗಾರ ಅದನ್ನು ನಮ್ಮ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ಇಳಿಸಿ ಕೇಳಿದ್ದು ಒಂದೇ ಮಾತು.

"ಇದಕ್ಕ ಯಾರರ ವಿಷ ಹಾಕ್ಯಾರೋ ಇಲ್ಲೋ, ಅಷ್ಟ ಹೇಳ್ರಿ ಬಾಯಾರ."

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಗಂಗಾವತಿ ತಾಲೂಕಿನ ಕಾಲುವೆ ಬಗಲಿನ ಒಂದು ಹೋಬಳಿಯಲ್ಲಿ ನಾನು ಪಶುವೈದ್ಯೆ. ಭತ್ತದ ಕೊಯ್ಲು ಮುಗಿದಿತ್ತು. ಕೊಯ್ಲು ಮುಗಿದೊಡನೆ ಕುಷ್ಟಗಿ ಕಡೆಯ ಕುರಿ ಹಿಂಡುಗಳು ನೀರಾವರಿಯ ಕಡೆ ಇಳಿಯುತ್ತವೆ. ಗದ್ದೆಯ ಕೂಳೆ ಕುರಿಗೆ, ಕುರಿಯ ಹಿಕ್ಕೆ ಗದ್ದೆಗೆ. ಈ ಹಿರಿಯನೂ ಹಾಗೆಯೇ ತಾವರಗೇರಾ ಕಡೆಯಿಂದ ಬಂದು, ಆಂಧ್ರದಿಂದ ಬಂದು ನೆಲೆಸಿದವರ ಒಂದು ಕ್ಯಾಂಪಿನ ಸಾಹುಕಾರನ ಗದ್ದೆಯಲ್ಲಿ ಹಿಂಡು ನಿಲ್ಲಿಸಿದ್ದ. ಆತನಿಗೂ ಸಾಹುಕಾರನಿಗೂ ಆಗಲೇ ಬಾಯಿಗೆ ಬಾಯಿ ಹತ್ತಿತ್ತು. ಇಲಿಗಿಟ್ಟ ಪಾಷಾಣ ನಾಯಿ ತಿಂದಿದೆ ಎಂಬುದು ಆತನ ಗುಮಾನಿ.

ನಮ್ಮ ಕಾಂಪೌಂಡರ್ ಕಾಕಾ ಮತ್ತು ನಾನು ನಾಯಿಯನ್ನು ಆಸ್ಪತ್ರೆಯ ಹಿಂದಿನ ಸಿಮೆಂಟ್ ನೆಲದ ಮೇಲೆ ಮಲಗಿಸಿದೆವು. ಪಕ್ಕೆಯ ಮೇಲೆ ಸಾಲಾಗಿ ಬರೆ. ರೋಗ ಬಿಡಲೆಂದು ಕಾದ ಕುಡುಗೋಲಿನ ತುದಿಯಿಂದ ಎಳೆದದ್ದು. ಗಾಯದ ಮೇಲೆ ಬರೆ ಎಂದು ಸುಮ್ಮನೆ ಮಾತಿಗೆ ಅನ್ನುತ್ತೇವೆ. ಇಲ್ಲಿ ಅದು ಕಣ್ಣಮುಂದೆಯೇ ಇತ್ತು. ತುಟಿ ಮಗುಚಿ ನೋಡಿದರೆ ವಸಡು ಹಳದಿ. ಚರ್ಮ ಬಿಡಿಸಿದರೆ ಅದರ ಕೆಳಗಿನ ಕೊಬ್ಬೆಲ್ಲ ಅರಿಸಿನ ಕಲಸಿದಂತೆ. ಹೊಟ್ಟೆ ಸೀಳಿ ಮೂಗು ಹತ್ತಿರ ಒಯ್ದೆ. ಇಲಿ ಪಾಷಾಣಕ್ಕೆ ಬೆಳ್ಳುಳ್ಳಿ ಕೊಳೆತಂಥ ಒಂದು ವಾಸನೆ ಇರುತ್ತದೆ, ಅದು ಇರಲಿಲ್ಲ. ಮೂತ್ರಪಿಂಡಗಳು ಮಾತ್ರ ಬಾತು, ಬಣ್ಣಗೆಟ್ಟು, ಮೇಲೆಲ್ಲ ಚುಕ್ಕೆ ಚುಕ್ಕೆ ರಕ್ತ. ಮೂತ್ರಕೋಶದಲ್ಲಿ ಒಂದು ಚಮಚೆಯಷ್ಟೂ ಇಲ್ಲ.

"ವಿಷ ಅಲ್ರೀ ಹಿರಿಯರ. ಕಾಮಣಿ ಆಗೇತಿ" ಎಂದೆ.

"ಕಾಮಣಿ ಮನಷಾರಿಗಿ ಬರ್ತೈತಿ. ನಾಯಿಗಿ ಹೆಂಗ ಬರ್ತೈತ್ರಿ?"

ಇಲಿ, ಹೆಗ್ಗಣಗಳ ಮೂತ್ರದಲ್ಲಿ ಒಂದು ಜಂತು ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು. ನಿಂತ ನೀರಿನಲ್ಲಿ, ಹಸಿ ಮಣ್ಣಿನಲ್ಲಿ ಬದುಕಿರುತ್ತದೆ. ನಾಯಿ ಆ ನೀರು ಕುಡಿದರೆ, ಆ ಇಲಿ ತಿಂದರೆ ಒಳಗೆ ಸೇರಿ ಯಕೃತ್ತು, ಮೂತ್ರಪಿಂಡ ಕೆಡಿಸುತ್ತದೆ. ಅದಕ್ಕೇ ಇದನ್ನು ಇಲಿ ಜ್ವರ ಅನ್ನುತ್ತಾರೆ ಎಂದು ವಿವರಿಸಿದೆ. ಮುಖ್ಯವಾದದ್ದನ್ನು ಒತ್ತಿ ಹೇಳಿದೆ: ಈ ರೋಗದ ನಾಯಿ ಉಚ್ಚೆ ಹೊಯ್ದರೆ ಆ ಉಚ್ಚೆಯಿಂದ ಮನುಷ್ಯನಿಗೂ ಹತ್ತುತ್ತದೆ. ಹಿರಿಯ ಕೇಳಿಸಿಕೊಂಡ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಚೀಲ ಮಡಚುತ್ತಾ ಅಂದ:

"ಇದು ಎರಡನೇದ್ರಿ. ಇನ್ನೊಂದು ಉಳದೈತಿ. ಬಂಟ್ಯಾ. ನಿನ್ನಿಯಿಂದ ನೀರ ಸೈತ ಮುಟ್ಟವಲ್ಲ."

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ರೇಗಿತು. ಔಷಧದ ಪೆಟ್ಟಿಗೆ ಮೊಪೆಡ್ಡಿಗೆ ಏರಿಸಿ, ಕಾಕಾನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ನಾನು ಹುಟ್ಟಾ ಅವಸರದವಳು. "ಕಾಲಿಗಿ ಗಾಲಿ ಕಟಗೊಂಡ ಹುಟ್ಟೀದಿ" ಎಂದು ಅಳವಂಡಿಯ ನಮ್ಮ ಅಜ್ಜಿ ಬೈಯುತ್ತಿದ್ದಳು. ಒಂದು ಕಡೆ ಕುಂತು ಗೊತ್ತಿಲ್ಲ.

ಗದ್ದೆಯಲ್ಲಿ ಕೂಳೆಯ ನಡುವೆ ಇನ್ನೂ ನೀರು ಜಿನುಗುತ್ತಿತ್ತು. ಬದುವಿನ ತುಂಬ ಇಲಿಯ ಬಿಲ. ಸಾಹುಕಾರ ಬದುವಿನ ಮೇಲೆ ನಿಂತು ನನ್ನ ದಾರಿ ಕಾಯುತ್ತಿದ್ದ.

"ಏಮಂಡಿ ಡಾಕ್ಟರ್‌ಗಾರು, ನಾನು ಇಲಿಗೆ ಔಷಧ ಹಾಕೋದು ನಾಟಿ ಟೈಮಲ್ಲಿ. ಕೊಯ್ಲು ಆದಮೇಲೆ ಯಾಕೆ ಹಾಕ್ತೀನಿ, ಮೀರೇ ಚೆಪ್ಪಂಡಿ, ನೀವೇ ಹೇಳಿ!"

ವಿಷವಲ್ಲವೆಂದು ಇಬ್ಬರೆದುರೂ ಹೇಳಿದೆ. ಸಾಹುಕಾರನಿಗೆ ಸಮಾಧಾನವಾಯಿತು. ಹಿರಿಯ ಮಾತ್ರ ಹಿಂಡು ಎಬ್ಬಿಸಿ ಊರಿಗೆ ಹೊರಡುವ ಮಾತಾಡಿದ. ನನಗೆ ಬೇಡವಾಗಿದ್ದುದೇ ಅದು. ದಾರಿಯುದ್ದಕ್ಕೂ ಹೊಂಡ, ಕೆರೆ, ಊರು. ಆ ನಾಯಿ ಎಲ್ಲೆಲ್ಲಿ ಹೊಯ್ಯುವುದೋ. ನಾಯಿಯನ್ನು ಇಲ್ಲೇ ಉಳಿಸಿಕೊಡುತ್ತೇನೆ, ಹಿಂಡು ಒಣಗಿದ ಗದ್ದೆಗೆ ಸರಿಸಿ ಎಂದೆ. ಬಾಯಿಂದ ಬಿದ್ದ ಮೇಲೆ ಎಚ್ಚರವಾಯಿತು. ಉಳಿಸುತ್ತೇನೆಂದು ಮಾತು ಕೊಡುವ ರೋಗವೇ ಅದು?

ಬಂಟ್ಯಾ ಜಾಲಿ ಮರದ ಬುಡದಲ್ಲಿ ಬಿದ್ದುಕೊಂಡಿದ್ದ. ಉದ್ದ ಮೂತಿ, ಬೆನ್ನಿಗಂಟಿದ ಹೊಟ್ಟೆ, ಓಟಕ್ಕೆಂದೇ ಹುಟ್ಟಿದ ಕಾಲು. ಈಗ ಬೆನ್ನು ಗೂನಾಗಿತ್ತು. ಸೊಂಟದ ಮೇಲೆ ಕೈಯಿಟ್ಟರೆ ನರಳುತ್ತಿದ್ದ. ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಬಾಯಿ ತೆರೆದರೆ ಉಚ್ಚೆಯ ವಾಸನೆ. ರಕ್ತ ಶುದ್ಧವಾಗುವುದು ನಿಂತಾಗ ಬರುವ ವಾಸನೆ ಅದು. ಇವನ ಪಕ್ಕೆಗೂ ಬರೆ ಬಿದ್ದಿತ್ತು.

ಆಸ್ಪತ್ರೆಗೆ ಒಯ್ಯೋಣವೆಂದರೆ ಅಲ್ಲಿ ಎತ್ತು ಕಟ್ಟುವ ಕಂಬಗಳ ಹೊರತು ನಾಯಿ ಇಡುವ ಜಾಗವಿಲ್ಲ, ದಿನವಿಡೀ ಜನ ಬರಿಗಾಲಲ್ಲಿ ಓಡಾಡುವ ಜಾಗ. ಇಲ್ಲೇ ಆಗಲಿ ಎಂದು ಸಲೈನ್ ಬಾಟಲಿಯನ್ನು ಜಾಲಿ ಟೊಂಗೆಗೆ ನೇತುಹಾಕಿದೆವು. ಹಿರಿಯನ ಹೆಂಡತಿ ಓಡಿಬಂದು ನೆಲಕ್ಕೆ ಕಂಬಳಿ ಹಾಸಿದಳು. "ಕುಂದರ್ರಿ ಬಾಯಾರ, ನೆಲಾ ತಂಪೈತಿ." ನಿಂತೇ ಕೆಲಸ ಮಾಡುವವಳು ನಾನು. ಆದರೆ ಒಣಗಿದ ನಾಯಿಯ ಮುಂಗಾಲಿನಲ್ಲಿ ರಕ್ತನಾಳ ಹುಡುಕಲು ಕೂರಲೇಬೇಕು. ಕೂತೆ. ಬೆಚ್ಚಗಿತ್ತು.

ಪೆನ್ಸಿಲಿನ್ ನಮ್ಮಲ್ಲೇ ಇತ್ತು, ದನಕ್ಕೆಂದು ಬಂದದ್ದು. ನಾಯಿಯ ತೂಕ ಅಂದಾಜಿಸಿ ಕೊಟ್ಟೆ. ವಾಂತಿ ನಿಲ್ಲಲು ಇನ್ನೊಂದು. ರಕ್ತ ತೆಗೆದು, ಐಸಿಟ್ಟ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಲು ಕಾಕಾನ ಕೈಗೆ ಕೊಟ್ಟೆ. ಉತ್ತರ ಬರುವ ಹೊತ್ತಿಗೆ ನಾಯಿ ಇತ್ತ ಬದುಕಿ ಓಡಾಡುತ್ತಿರುತ್ತದೆ, ಇಲ್ಲವೇ ಅತ್ತ ಮಣ್ಣಾಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಶುಚಿಯ ಪಾಠ. ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ತರಿಸಿ ಕೊಟ್ಟೆ. ನಾಯಿ ಹೊಯ್ದ ಕಡೆಯೆಲ್ಲ ಸುರಿಯಬೇಕು, ಬರಿಗಾಲಲ್ಲಿ ಹತ್ತಿರ ಬರಬಾರದು, ನಾಯಿ ಮುಟ್ಟಿದ್ದನ್ನೆಲ್ಲ ಬೇರೆ ಇಡಬೇಕು. ಕೈಗವಸು ಎಂದರೆ ನಮ್ಮಲ್ಲಿದ್ದುದು ಹಸುಗಳಿಗೆ ಗರ್ಭಧಾರಣೆ ಮಾಡುವಾಗ ಹಾಕುವ, ಹೆಗಲವರೆಗಿನ ಪ್ಲಾಸ್ಟಿಕ್ಕಿನವು. ಆಕೆ ಅವನ್ನು ಬಳೆಗಳ ಮೇಲೆ ಏರಿಸಿಕೊಂಡು ನಿಂತಾಗ ಕಾಕಾ ನಗು ತಡೆಯಲಾರದೆ ಅತ್ತ ತಿರುಗಿದ. ಆಕೆ ನಗಲಿಲ್ಲ. ನಾನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದಳು. ಗಂಡನನ್ನು ಸಹ ಹತ್ತಿರ ಬಿಡಲಿಲ್ಲ. "ನೀವ್ ಚಪ್ಲಿ ಇಲ್ದ ತಿರಗಾವ್ರು, ದೂರ ಸರೀರಿ" ಎಂದು ಗದರಿದಳು.

ಬಾಟಲಿಗಳು ಖಾಲಿಯಾಗುತ್ತಾ ಹೋದವು. ಬಂಟ್ಯಾ ಮಾತ್ರ ಒಂದು ಹನಿ ಹೊಯ್ಯಲಿಲ್ಲ.

ಇಂಥದರಲ್ಲಿ ವೈದ್ಯರಾದವರ ಪಾಡು ಅಡಕತ್ತರಿಯ ನಡುವಿನ ಅಡಿಕೆ. ನೀರು ಕೊಡದಿದ್ದರೆ ಮೂತ್ರಪಿಂಡ ಒಣಗಿ ಸಾಯುತ್ತದೆ. ಕೊಟ್ಟ ನೀರು ಹೊರಗೆ ಬಾರದಿದ್ದರೆ ಪುಪ್ಪುಸಕ್ಕೆ ನುಗ್ಗಿ ಸಾಯುತ್ತದೆ. ಗಂಗಾವತಿಯ ಔಷಧದ ಅಂಗಡಿಯಿಂದ ಎಳೆಗೂಸಿಗೆ ಮೂಗಿನಿಂದ ಹಾಲು ಇಳಿಸುವ ತೆಳು ನಳಿಗೆ ತರಿಸಿ, ಅದನ್ನೇ ಮೂತ್ರದ ದಾರಿಯಲ್ಲಿ ಏರಿಸಿದೆ. ಅದರ ಇನ್ನೊಂದು ತುದಿಗೆ ಖಾಲಿ ಸಲೈನ್ ಬಾಟಲಿ. ಬಾಟಲಿಯ ಮೇಲಿನ ಗೆರೆಗಳೇ ನಮ್ಮ ಅಳತೆ. ಬಹಳ ಹೊತ್ತಿನ ಮೇಲೆ ಕಡಕ್ ಚಹಾದ ಬಣ್ಣದ ನಾಲ್ಕು ಹನಿ ಬಿತ್ತು. ತಳ ಸಹ ಮುಚ್ಚಲಿಲ್ಲ. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಕೆಳಗಡೆ ಒಣ ಎಲೆ ತುಳಿದಂಥ ಸಣ್ಣ ಚರಚರ. ನೀರು ಏರತೊಡಗಿತ್ತು.

ಸಲೈನ್ ನಿಧಾನ ಮಾಡಿ, ಮೂತ್ರ ಇಳಿಸುವ ಇಂಜೆಕ್ಷನ್ ಕೊಟ್ಟು, ಬದುವಿನ ಮೇಲೆ ತಿರುಗಾಡತೊಡಗಿದೆ. ಆ ತುದಿಯಿಂದ ಈ ತುದಿ, ಈ ತುದಿಯಿಂದ ಆ ತುದಿ. ಬಾಟಲಿ ನೋಡುವುದು, ಎದೆ ಕೇಳುವುದು, ಮತ್ತೆ ಬದು. ನನ್ನ ಅವತಾರ ನೋಡಿ ಕುರಿಗಳೂ ಮೇಯುವುದು ಬಿಟ್ಟು ತಲೆಯೆತ್ತಿದವು. "ನೀವ್ ತಿರಗಿದ್ರ ಅದು ಹೊಯ್ಯಂಗಿಲ್ರಿ" ಎಂದ ಕಾಕಾ. ನನಗೆ ಅಳು ಬರುವಂತಿತ್ತು. ಹೊರಡುವ ಹೊತ್ತಿಗೂ ಬಾಟಲಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬೆಳಗಿನವರೆಗೆ ನಿದ್ದೆ ಹತ್ತಿದ್ದು ಅಷ್ಟಕ್ಕಷ್ಟೆ.

ಮರುದಿನ ಗದ್ದೆಗೆ ಹೋದಾಗ ದೂರದಿಂದಲೇ ಆಕೆ ಪ್ಲಾಸ್ಟಿಕ್ ಕೈ ಎತ್ತಿ ಬೀಸಿದಳು. "ಹೊಯ್ದಾನ್ರಿ! ಬಂಟ್ಯಾ ಹೊಯ್ದಾನ್ರಿ ಬಾಯಾರ!" ಬಾಟಲಿಯಲ್ಲಿ ನಾಲ್ಕು ಬೆರಳಷ್ಟು, ಬಣ್ಣವೂ ತೆಳುವಾಗಿತ್ತು. ಎದೆಯ ಚರಚರ ಇಳಿದಿತ್ತು. ನಾಯಿಯ ಉಚ್ಚೆ ನೋಡಿ ಮೂವರು ಹಬ್ಬದ ಮಂದಿಯ ಹಾಗೆ ನಗುತ್ತಾ ನಿಂತೆವು.

ಹಿರಿಯ ಮಾತ್ರ ಎದ್ದು ಬರಲಿಲ್ಲ. ಬಂಡಿಯ ಗಾಲಿಗೆ ಒರಗಿ ಕೂತಿದ್ದ. "ಏನ್ ಹಿರಿಯರ, ನಿಮಗ ಖುಷಿ ಇಲ್ಲೇನು?" ಎಂದು ಕಾಡಿಸುತ್ತಾ ಹತ್ತಿರ ಹೋದೆ. ಕಣ್ಣು ಕೆಂಡದಂತೆ ಕೆಂಪಾಗಿತ್ತು. ಪಿಸುರಿಲ್ಲ, ನೀರಿಲ್ಲ, ಬರೀ ಕೆಂಪು. ಎರಡೂ ಕೈಯಿಂದ ಕಾಲಿನ ಮೀನಖಂಡ ಒತ್ತಿಕೊಳ್ಳುತ್ತಿದ್ದ.

"ಏನಿಲ್ರಿ, ಥಂಡಿ ಹತ್ತೇತಿ. ಕಾಲು ಭಾಳ ಜಗ್ತಾವ."

ಹಣೆ ಮುಟ್ಟಿದರೆ ಸುಡುತ್ತಿತ್ತು. ಕೆಂಪು ಕಣ್ಣು, ಮೀನಖಂಡದ ನೋವು, ಜ್ವರ. ನಾನು ಓದಿದ್ದು ದನದ ವೈದ್ಯ. ಆದರೂ ಈ ಮೂರು ಒಟ್ಟಿಗೆ ಬಂದರೆ ಏನೆಂದು ನಮ್ಮ ಪುಸ್ತಕದಲ್ಲೂ ಬರೆದಿರುತ್ತದೆ. ಇಲಿ ಜ್ವರ. ಹೇಗೆ ಹತ್ತಿತು? ನಾಯಿಯನ್ನು ಮುಟ್ಟಲು ಆಕೆ ಬಿಟ್ಟೇ ಇಲ್ಲವಲ್ಲ. ರೋಗ ಒಳಹೊಕ್ಕು ಕಾಣಿಸಿಕೊಳ್ಳಲು ದಿನಗಳು ಬೇಕು. ಹಾಗಾದರೆ ನಾನು ಬರುವ ಮೊದಲೇ ಹೊಕ್ಕಿರಬೇಕು, ಮೊದಲ ನಾಯಿ ಮಲಗಿದಾಗಲೇ. ಅಷ್ಟರಲ್ಲಿ ಹಿರಿಯ ಎದ್ದು, ಬಂಟ್ಯಾನ ಮೇಲಿದ್ದ ಕಂಬಳಿ ಎಳೆದು ತಾನು ಹೊದ್ದುಕೊಂಡ.

ನಾನು ನಿನ್ನೆ ಕೂತಿದ್ದ ಕಂಬಳಿ.

"ಅವ್ವಾ, ನಾಯಿ ಮುಟ್ಟಿದ್ದೆಲ್ಲಾ ಬ್ಯಾರೆ ಇಡ್ರಿ ಅಂದಿದ್ದೆ."

"ಇಟ್ಟೇವಲ್ರಿ. ಗಂಗಾಳ ಬ್ಯಾರೆ, ಹಗ್ಗ ಬ್ಯಾರೆ. ಮಣ್ಣ ಸೈತ ಅಗದು ದೂರ ಒಗದೇವಿ."

"ಕಂಬಳಿ?"

ಆಕೆ ನನಗೇನೋ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. "ಕಂಬಳಿಗಿ ಎಲ್ಲೀ ಮೈಲಗಿ ಬಾಯಾರ? ನಾಯಿಗೊಳು ಥಂಡಿಗಿ ನಡಗ್ತಾವಂತ ಇವ್ರು ದಿನಾ ಹೊಚ್ಚತಾರ. ಆ ಸತ್ತ ಎರಡಕ್ಕೂ ಅದನ್ನ ಹೊಚ್ಚಿದ್ವಿ."

ನನಗೆ ಗೊತ್ತಿಲ್ಲದ ಮಾತೇ ಅದು? ನಮ್ಮ ಅಜ್ಜಿ ಮಡಿಯಲ್ಲಿ ಇರಬೇಕಾದಾಗ ಬಟ್ಟೆ ಒಣಗದಿದ್ದರೆ ಕಂಬಳಿ ಸುತ್ತಿಕೊಂಡೇ ಒಲೆಯ ಮುಂದೆ ಕೂರುತ್ತಿದ್ದಳು. ಬಾಣಂತಿ ಮಲಗಲಿ, ಮಗು ಹೊಯ್ಯಲಿ, ದೇವರ ಗದ್ದುಗೆಗೆ ಹಾಸುವುದು ಅದನ್ನೇ. ಎಲ್ಲಕ್ಕೂ ಮೈಲಿಗೆ ತಟ್ಟುತ್ತದೆ, ಉಣ್ಣೆಗೆ ತಟ್ಟುವುದಿಲ್ಲ. ಆಕೆ ನನ್ನ ಮಾತು ಮೀರಿರಲಿಲ್ಲ. ನಾಯಿಯಿಂದ ಕೆಡುವಂಥದನ್ನೆಲ್ಲ ಬೇರೆ ಇಟ್ಟಿದ್ದಳು. ಕೆಡಲಾರದ್ದನ್ನು ಬಿಟ್ಟಿದ್ದಳು. ನಾನೂ ಅದರ ಮೇಲೆ ನಿಶ್ಚಿಂತೆಯಿಂದ ಕೂತೆ, ಚಳಿಗೆ ಒಡೆದ ಹಿಮ್ಮಡಿ ಸಮೇತ.

ಹೆದರಿದಾಗ ನನ್ನ ಬಾಯಿ ಹರಿತವಾಗುತ್ತದೆ. "ಅದನ್ನ ಈಗಿಂದೀಗ ಸುಡ್ರಿ" ಎಂದುಬಿಟ್ಟೆ.

ಆಕೆಯ ಮುಖ ಕಪ್ಪಿಟ್ಟಿತು. "ಸುಡೂದಾದ್ರ ಮೊದಲ ನನ್ನ ಸುಡ್ರಿ. ಇವ್ರ ಅಪ್ಪ ಹೊದ್ದಿದ್ದು ಅದು. ನಮ್ಮ ಲಗ್ನದಾಗ ಅದರ ಮ್ಯಾಲ ಅಕ್ಕಿಕಾಳ ಬಿದ್ದಾವ. ನೀವ್ ಓದಿದಾವ್ರು, ಹಿಂಗ ಮಾತಾಡಬಾರದು."

ಕಾಕಾ ನನ್ನ ತೋಳು ಹಿಡಿದು ಅತ್ತ ಕರೆದೊಯ್ದ. "ಕಂಬಳ್ಯಾಗ ಊಟಕ್ಕ ಕುಂತ ಮ್ಯಾಲ ಕೂದಲಾ ಆರಿಸಬಾರದ್ರಿ ಬಾಯಾರ. ಮೊದಲ ಮನಷಾನ್ನ ನೋಡೂನ್ರಿ." ಸರಿಯಾದ ಮಾತು. ಸಾಹುಕಾರ ಕೇಳುವ ಮೊದಲೇ ತನ್ನ ಟ್ರ್ಯಾಕ್ಟರ್ ತಂದ. ಮೊನ್ನೆಯ ಜಗಳ ಯಾರಿಗೂ ನೆನಪಿರಲಿಲ್ಲ. ಕಂಬಳಿಯನ್ನು ಗದ್ದೆಯಲ್ಲೇ ಬಿಡಿಸಿ, ಹಿರಿಯನಿಗೆ ಸಾಹುಕಾರನ ಶಾಲು ಹೊದಿಸಿ ಹೋಬಳಿಯ ದವಾಖಾನೆಗೆ ಒಯ್ದೆವು.

ಅಲ್ಲಿನ ವೈದ್ಯರು ನನ್ನ ಮಾತು ಪೂರ್ತಿ ಕೇಳಿದರು. ಮಲೇರಿಯಾ ಇರಬಹುದೆಂದು ರಕ್ತದ ಲೇಪ ತೆಗೆಸಿದರು. ಕಣ್ಣು ನೋಡಿದರು, ಮೀನಖಂಡ ಒತ್ತಿದರು, ಹಿರಿಯ ಕಿರುಚಿದ.

"ನಾಯಿ ನೋಡಿ ನೀವು ಹೇಳಿದ್ದನ್ನ ಮನುಷ್ಯನಿಗೆ ನಾನು ಬರೀಬೇಕು ಅಂತೀರಿ?"

"ನಾನು ದನದ ಡಾಕ್ಟರು ಸರ್. ಆದರೆ ಆ ನಾಯಿಯ ಮೂತ್ರಪಿಂಡ ನಾನು ಕೊಯ್ದು ನೋಡಿದ್ದೀನಿ. ಪರೀಕ್ಷೆ ಬರುವತನಕ ಕಾದರೆ ಇವರದ್ದೂ ಹಾಗೇ ಆಗುತ್ತೆ."

ಅವರು ಚೀಟಿ ಎಳೆದುಕೊಂಡು ಪೆನ್ಸಿಲಿನ್ ಬರೆದರು. ಮೂತ್ರ ಕಡಿಮೆಯಾದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂದರು. ನನ್ನ ಹಿಮ್ಮಡಿ ನೋಡಿ ನನಗೂ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಅಂದಿನಿಂದ ಮೊಪೆಡ್ಡಿನ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಳ್ಳುವುದು, ಕೂತಲ್ಲಿ ನಿಂತಲ್ಲಿ ಮೀನಖಂಡ ಒತ್ತಿಕೊಳ್ಳುವುದು ನನಗೊಂದು ಚಟವಾಯಿತು. ಒತ್ತಿ ಒತ್ತಿಯೇ ನೋಯತೊಡಗಿ, ಅದಕ್ಕೂ ಹೆದರಿದೆ.

ಇಷ್ಟರಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಂಜೆಗೆ ಮುಂಚೆಯೇ ಹಿರಿಯ ಮಂಚದಿಂದ ಇಳಿದು ಸೂಜಿ ಕಿತ್ತುಕೊಳ್ಳಲು ಹೊರಟ.

"ಕಂಬಳಿ ಇಲ್ದ ನಾ ಮಲಗಿ ಗೊತ್ತಿಲ್ಲ. ಈ ಬಿಳಿ ಅರಿವಿ ಹೆಣಕ್ಕ ಹೊಚ್ಚತಾರ. ನಾ ಒಲ್ಲೆ, ಊರಿಗಿ ಹೊಕ್ಕೇನಿ."

ಹೆಂಡತಿಯೂ ಈಗ ಅವನ ಕಡೆ. ನಾನು ಕಂಬಳಿ ಸುಡಿಸುವವಳೆಂಬ ಸಿಟ್ಟು ಆರಿರಲಿಲ್ಲ. ಊರ ಕಡೆ ಕಾಮಣಿಗೆ ಮುಂಗೈ ಸುಡುವವನೊಬ್ಬ ಇದ್ದಾನಂತೆ. ಬಂಡಿ ಕಟ್ಟಿಸುವ ಮಾತು ನಡೆದಿತ್ತು. ವೈದ್ಯರು ಗದರಿದರು, ಬೇಡಿಕೊಂಡರು. ಎದ್ದು ಹೋದರೆ ಉಳಿಯುವುದಿಲ್ಲವೆಂದು ನೇರವಾಗಿಯೇ ಹೇಳಿದರು. ಹಿರಿಯನಿಗೆ ಅದು ಕಿವಿಗೇ ಬೀಳಲಿಲ್ಲ. ಜ್ವರದಲ್ಲಿ ಕೈಯಿಂದ ತಡಕಾಡುತ್ತಿದ್ದ, ಇಲ್ಲದ ಕಂಬಳಿ ಎಳೆದುಕೊಳ್ಳುವವನಂತೆ.

ಮೊಗಸಾಲೆಯಲ್ಲಿ ಅಡ್ಡಾಡುತ್ತಾ ಯೋಚಿಸಿದೆ. ಕಂಬಳಿ ಸುಟ್ಟರೆ ಈ ಮನುಷ್ಯ ಹೋಗುತ್ತಾನೆ. ಹಾಗೇ ತಂದುಕೊಟ್ಟರೆ ಈ ಸಾಲಿನ ಮಂಚಗಳ ಮೇಲಿನವರ ಗತಿ? ಒಗೆಸೋಣವೆಂದರೆ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಒಗೆದರೆ ಗಂಜಿ ಬಿಟ್ಟು ಜೋಲುತ್ತದೆ, ಮಳೆ ತಡೆಯುವುದಿಲ್ಲ, ಒಣಗುವುದೂ ಇಲ್ಲ. ಒಣಗುವುದು. ಆ ಶಬ್ದದ ಹತ್ತಿರ ನಿಂತೆ. ಈ ಜಂತು ಹಸಿಯಲ್ಲಿ ಮಾತ್ರ ಬದುಕುವಂಥದ್ದು. ಒಣಗಿದರೆ ಸಾಯುತ್ತದೆ, ಬಿಸಿಲು ತಾಗಿದರೆ ಸಾಯುತ್ತದೆ. ಓದಿ ಪರೀಕ್ಷೆ ಬರೆದಿದ್ದೆ. ನಾಲ್ಕು ಹೆಜ್ಜೆ ಆಚೆಗೆ ಹೋದರೆ ಕಾದ ಹೆಂಚಿನಂಥ ಬಂಡೆಗಳಿರುವ ನಾಡಿನಲ್ಲಿ ನಾನು ಬೆಂಕಿಕಡ್ಡಿ ಹುಡುಕಿದ್ದೆ.

ಆಕೆಯ ಹತ್ತಿರ ಹೋಗಿ ಮೆಲ್ಲಗೆ ಅಂದೆ: "ಅವ್ವಾ, ಕಂಬಳಿಗಿ ಮೈಲಗಿ ಇಲ್ಲ, ಖರೇನ. ನಾ ಅಂದದ್ದು ತಪ್ಪು. ಆದ್ರ ಅದು ಹಸಿ ಆಗೇತಿ. ಆ ಹಸಿಯೊಳಗ ಬ್ಯಾನಿ ಐತಿ. ಬಿಸಲಿಗಿ ಹಾಕೂನು. ಒಣಗಿದ ಕೂಡ್ಲೆ ನಾನ ತಂದ ಹೊಚ್ಚತೇನಿ."

"ಹಸಿ ಆದ್ರ ಬಿಸಲಿಗಿ ಹಾಕೂದು. ಅದಕ್ಕ್ಯಾಕ ಇಷ್ಟೆಲ್ಲಾ?" ಎಂದಳು. ಆಮೇಲೆ ಒಳಗೆ ಹೋಗಿ ಗಂಡನಿಗೆ ಏನು ಹೇಳಿದಳೋ, ಅವನು ಮಂಚ ಏರಿದ. "ಒಣಗೂತನ ಅಷ್ಟ ಇರ್ತೇನಿ" ಎಂಬುದು ಅವನ ಕರಾರು.

ಬೆಳಗಾಗುತ್ತಲೇ ಕಂಬಳಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಆಕೆಯನ್ನು ಹಿಂದೆ ಕೂರಿಸಿಕೊಂಡು ಹುಲಿಹೈದರದ ದಾರಿ ಹಿಡಿದೆ. ನನ್ನನ್ನು ನಂಬಿ ಕಂಬಳಿ ಕೊಟ್ಟು ಕಳಿಸುವವಳಲ್ಲ ಆಕೆ. ರಸ್ತೆಯ ಬಗಲಿಗೆ ಆನೆ ಮಲಗಿದಂಥ ಒಂದು ಬೋಳು ಬಂಡೆ, ಊರಿಲ್ಲ, ಹೊಂಡವಿಲ್ಲ. ಕೈಗವಸು ಹಾಕಿಕೊಂಡು ಇಬ್ಬರೂ ಕಂಬಳಿ ಬಿಡಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದೆವು. ಮೊದಲು ಹಬೆ ಎದ್ದಿತು. ಬಿಸಿಲೇರಿದಂತೆ ವಾಸನೆ ಎದ್ದಿತು, ನಾಯಿ, ಕುರಿ, ಹೊಗೆ, ಮನುಷ್ಯ ಎಲ್ಲ ಸೇರಿದ್ದು. ಮಗುಚಿ ಹಾಕಿದೆವು. ಎಷ್ಟು ಹೊತ್ತು ಸಾಕು? ಕಂಬಳಿಯ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಷ್ಟು ದಪ್ಪ ಉಣ್ಣೆ, ಅದೆಷ್ಟು ದಿನದ ಉಚ್ಚೆ. ಒಂದು ಬಿಸಿಲು ಸಾಲದು, ಎರಡಾದರೂ ಬೇಕೆಂದು ನಾನೇ ತೀರ್ಮಾನಿಸಿದೆ. ಅಷ್ಟು ಕಾಲ ಹಿರಿಯ ಮಂಚದ ಮೇಲೆ ಇರುತ್ತಾನೆಯೇ?

ಆಕೆ ಬಂಡೆಯ ನೆರಳಿಗೆ ಕೂತಳು. ನಾನು ಸುತ್ತುತ್ತಿದ್ದೆ.

"ಒಂದ ಕಡೆ ಕುಂದರ್ರಿ ಬಾಯಾರ. ನಿಮ್ಮ ನೋಡಿ ನನಗ ತಲಿ ತಿರಗಾಕತ್ತೇತಿ."

"ನಾಯೀನ ಯಾಕ ಅಷ್ಟು ಹಚಗೊಂಡಾರ ಹಿರಿಯರು?" ಸುಮ್ಮನಿರಲಾರದೆ ಕೇಳಿದೆ.

"ನಮ್ಮ ಕಡೆ ತೋಳ ಭಾಳ್ರಿ. ಇವ್ರ ಅಣ್ಣತಮ್ಮರು ಪಾಲ ತಗೊಂಡು ಬ್ಯಾರೆ ಆದ್ರು. ಕುರಿ ಕಾಯಾಕ ಉಳದಾವ್ರು ಇವ್ರು, ನಾಯಿ. ಹಾಲ ಹಿಂಡಿದ್ರ ಮೊದಲ ಗಿಂಡಿ ನಾಯೀದು, ಆಮ್ಯಾಲ ನಮ್ದು. ಅದರ ಪಾಲ ಅದಕ್ಕ." ಆಕೆ ಕಂಬಳಿಯ ಕಡೆ ನೋಡಿ ಸೇರಿಸಿದಳು. "ಎರಡ ಹೋದುವು. ಇದೂ ಹೋದ್ರ ಇವ್ರು ಹಿಂಡ ಮಾರಿ ಕೂಲಿಗಿ ಹೊಕ್ಕಾರ."

ಆ ಎರಡು ದಿನ ನನ್ನ ಓಡಾಟ ಗದ್ದೆ, ಬಂಡೆ, ದವಾಖಾನೆ. ಎಲ್ಲಿದ್ದರೂ ಇನ್ನೊಂದು ಕಡೆ ಏನಾಯಿತೋ ಎಂಬ ಚಿಂತೆ. ಬಂಟ್ಯಾ ಮೊದಲ ಸಲ ಗಂಜಿ ನೆಕ್ಕಿದ, ನೆಕ್ಕಿ ಕಕ್ಕಲಿಲ್ಲ. ಇತ್ತ ಹಿರಿಯನ ಕಣ್ಣಿನ ಬಿಳಿಗೂ ಹಳದಿ ಇಳಿದಿತ್ತು, ಮೂತ್ರ ಕಡಿಮೆಯಾಗಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸುವ ಗಾಡಿಗೆ ವೈದ್ಯರು ಹೇಳಿಟ್ಟಿದ್ದರು. ನನ್ನನ್ನು ಕಂಡರೆ ಹಿರಿಯನಿಗೆ ತನ್ನ ಚಿಂತೆಯಿಲ್ಲ.

"ಅವ ಎಷ್ಟ ಹೊಯ್ದಾನ್ರಿ ಇವತ್ತ?"

ನಾನು ಕೈಯೆತ್ತಿ ಬೆರಳಲ್ಲಿ ಅಳತೆ ತೋರಿಸುತ್ತಿದ್ದೆ. "ಇಷ್ಟು. ನೀವು?"

"ನಂದು ಅದರ ಅರ್ಧಾನೂ ಇಲ್ಲ" ಎಂದು ನಾಚಿಕೊಂಡ.

"ನಾಯಿಗಿಂತ ಕಡಿಮಿ ಆದ್ರ ಹೆಂಗ್ರಿ? ಮಂದಿ ನಗ್ತಾರ" ಎಂದೆ. ನಗಿಸಲು ಹೇಳಿದೆ. ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತೆ. ಮುಂಜಾನೆಯಿಂದ ನೀರೂ ಕುಡಿದಿರಲಿಲ್ಲ.

ಎರಡನೆಯ ಬಿಸಿಲು ಇಳಿಯುವ ಹೊತ್ತಿಗೆ ಕಂಬಳಿ ಹಲಗೆಯಂತೆ ಸೆಟೆದಿತ್ತು. ಬಡಿದರೆ ಢಣ್ ಎನ್ನುವುದೊಂದು ಬಾಕಿ. ಕೈಗವಸು ತೆಗೆದು ಬರಿಗೈಯಿಂದ ಮುಟ್ಟಿ ನೋಡಿದೆ, ಎಲ್ಲೂ ತಂಪಿಲ್ಲ. ಆಕೆ ಅದನ್ನು ಎದೆಗವಚಿಕೊಂಡು ಮೊಪೆಡ್ಡಿನ ಹಿಂದೆ ಕೂತಳು. ಬೆನ್ನಿಗೆ ಒಲೆಯ ಬಿಸಿ ತಾಗಿದಂತಾಗುತ್ತಿತ್ತು.

ಮಾತು ಕೊಟ್ಟಂತೆ ನಾನೇ ಹೊದಿಸಿದೆ. ಹಿರಿಯ ಅದನ್ನು ಮೂಗಿನವರೆಗೆ ಎಳೆದುಕೊಂಡು ವಾಸನೆ ನೋಡಿದ. ಮುಖ ಸಣ್ಣದಾಯಿತು.

"ಬಂಟ್ಯಾನ ವಾಸನಿ ಹೋಗೇತಲ್ರಿ."

"ವಾಸನಿ ಹೋಗೇತಿ. ಬಂಟ್ಯಾ ಅದಾನ" ಎಂದೆ.

ಕಣ್ಣು ಮುಚ್ಚಿದ. ಆಮೇಲೆ ಸೂಜಿಗೆ ಕೈ ಹಾಕಲಿಲ್ಲ, ಊರಿನ ಮಾತೆತ್ತಲಿಲ್ಲ. ಮರುದಿನ ನಾನು ಹೋದಾಗ ವೈದ್ಯರು ಬಾಗಿಲಲ್ಲೇ ಸಿಕ್ಕಿ, ನನ್ನ ಹಾಗೆಯೇ ಕೈಯೆತ್ತಿ ಬೆರಳಲ್ಲಿ ಅಳತೆ ತೋರಿಸಿದರು. ನಾಯಿಯದಕ್ಕಿಂತ ಹೆಚ್ಚಿತ್ತು. ಗಾಡಿ ಬೇಡವೆಂದು ಹೇಳಿ ಕಳಿಸಿದ್ದರು. ಆಗ ಮೊಗಸಾಲೆಯಲ್ಲಿ ಕೂತು ಅತ್ತೆ, ಯಾರು ನೋಡಿದರೂ ನೋಡಲಿ ಎಂದು.

ಹಿರಿಯ, ಬಂಟ್ಯಾ ಇಬ್ಬರೂ ನೆಟ್ಟಗಾದರು. ಹಿಂಡು ಹೊರಡುವಾಗ ಬಂಟ್ಯಾನಿಗೆ ಡಾಕ್ಸಿಸೈಕ್ಲಿನ್ ಕೊಟ್ಟು, ಮೇಲೆ ಚೆನ್ನಾಗಿ ಕಂಡರೂ ಮಾತ್ರೆ ಪೂರ್ತಿ ನುಂಗಿಸಬೇಕು ಎಂದು ಆಕೆಗೆ ಹೇಳಿದೆ. ರೊಟ್ಟಿಯೊಳಗೆ ಬೆಲ್ಲ ಸೇರಿಸಿ ಇಡುತ್ತೇನೆಂದಳು. ಹಿರಿಯನಿಗೆ ಬೇರೆಯೇ ಹೇಳಬೇಕಿತ್ತು: ಗುಣವಾದ ನಾಯಿಯ ಉಚ್ಚೆಯಲ್ಲೂ ಈ ಜಂತು ತಿಂಗಳುಗಟ್ಟಲೆ ಉಳಿಯಬಹುದು, ಆದ್ದರಿಂದ ಅವನನ್ನು ನಿಮ್ಮ ಕಂಬಳಿಯಲ್ಲಿ ಮಲಗಿಸಬೇಡಿ. ಹಿರಿಯ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಂಟ್ಯಾನ ಕಿವಿ ತಿಕ್ಕುತ್ತಾ ನಿಂತಿದ್ದ.

ಆ ಮೌನ ನನ್ನನ್ನು ವರ್ಷವಿಡೀ ಕಾಡಿತು. ಕುಷ್ಟಗಿ ಕಡೆಯವರು ಯಾರೇ ಆಸ್ಪತ್ರೆಗೆ ಬಂದರೂ ಇಂಥ ಕುರಿಗಾರ ಗೊತ್ತೇ, ಅರಾಮಿದ್ದಾನೆಯೇ ಎಂದು ವಿಚಾರಿಸುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಪ್ರಯೋಗಾಲಯದ ಉತ್ತರ ಯಾವಾಗಲೋ ಬಂತು, ಮಾದರಿ ದಾರಿಯಲ್ಲಿ ಕೆಟ್ಟಿದೆ ಎಂದು. ಓದಿ ಕಾಕಾನೂ ನಾನೂ ನಕ್ಕೆವು.

ಮುಂದಿನ ಕೊಯ್ಲು ಮುಗಿಯಿತು. ಹಿಂಡು ಇಳಿದಿದೆ ಎಂದು ಸಾಹುಕಾರ ಹೇಳಿ ಕಳಿಸಿದ್ದೇ ತಡ, ಹೊರಟೆ. ಬದುವಿನ ಮೇಲೆ ಹಿರಿಯ ನಿಂತಿದ್ದ. ಕಣ್ಣು ಬಿಳಿ ಹತ್ತಿಯ ಹಾಗಿತ್ತು. ಆಕೆ ಕಂಬಳಿ ತಂದು ಹಾಸಿದಳು. "ಕುಂದರ್ರಿ ಬಾಯಾರ. ದಿನಾ ಬಿಸಲಿಗಿ ಹಾಕ್ತೇವಿ."

ಅದೇ ಕಂಬಳಿ. ಆದರೆ ಒಂದು ಮೂಲೆ ಇರಲಿಲ್ಲ. ಎರಡು ಮೊಳದಷ್ಟು ಜಾಗವನ್ನು ಉಣ್ಣೆ ಕತ್ತರಿಸುವ ಕತ್ತರಿಯಿಂದ ಕತ್ತರಿಸಿ, ಅಂಚನ್ನು ದಾರ ಹಾಕಿ ಹೊಲಿದಿದ್ದರು. ನಾನು ಹೊಲಿಗೆಯ ಮೇಲೆ ಬೆರಳಾಡಿಸಿ ತಲೆಯೆತ್ತಿದೆ. ಹಿರಿಯ ಜಾಲಿ ಮರದ ಕಡೆ ಕೈ ತೋರಿಸಿದ. ಅಷ್ಟು ದೂರದಲ್ಲಿ ಬಂಟ್ಯಾ ಆ ಮೂಲೆಯ ಮೇಲೆ ಮೈ ಸುರುಳಿ ಸುತ್ತಿ ಮಲಗಿದ್ದ.

"ಅಪ್ಪನ ಕಂಬಳಿರಿ. ಅವನ ಪಾಲ ಅವನಿಗಿ ಕೊಟ್ಟ ಬಿಟ್ಟೆ" ಎಂದ.

ನಾನು ಕಂಬಳಿಯ ಮೇಲೆ ಕೂತೆ. ಆಕೆ ಚಹಾ ಕಾಸಿ ತರುವವರೆಗೂ ಏಳಲಿಲ್ಲ.